ನೀರಿನ ಮೇಲೆ ಹಾಸಿದ ನಕ್ಷೆ

ಟೊರೊಂಟೊದಲ್ಲಿ ಕುಳಿತು ಶರಾವತಿ ಕಣಿವೆಯನ್ನು ನೋಡಲು ಈಗ ಒಂದು ಬ್ರೌಸರ್ ಸಾಕು. ಮೌಸ್ ಹಿಡಿದು ಓರೆ ಮಾಡಿದರೆ ಗುಡ್ಡಗಳು ಎದ್ದು ನಿಲ್ಲುತ್ತವೆ, ಜೋಗದ ಕಮರಿ ಬಾಯಿ ತೆರೆಯುತ್ತದೆ. ಸೀಸಿಯಂ, ಮ್ಯಾಪ್‌ಲಿಬ್ರೆಯಂಥ ಮುಕ್ತ ತಂತ್ರಾಂಶಗಳಿಂದ ಇದು ಯಾರ ಕೈಗಾದರೂ ಎಟುಕುತ್ತದೆ. ಊರು ಬಿಟ್ಟು ಬಂದವರಿಗೆ ಇದು ಸಣ್ಣ ಸುಖವಲ್ಲ. ಆದರೆ ಈ ನೋಟವನ್ನೂ ಒಂದು ಕೃತಿಯಂತೆಯೇ ಓದಬೇಕು. ಅದು ತೋರಿಸುವುದರ ಜೊತೆಗೆ ಮುಚ್ಚುವುದನ್ನೂ ಗಮನಿಸಬೇಕು.

ಅದು ಕೆಲಸ ಮಾಡುವ ರೀತಿ ಹೀಗೆ. ನೆಲದ ಎತ್ತರದ ಅಂಕಿಗಳಿಂದ ತ್ರಿಕೋನಗಳ ಬಲೆಯೊಂದು ತಯಾರಾಗುತ್ತದೆ. ಅದರ ಮೇಲೆ ಉಪಗ್ರಹ ಚಿತ್ರವನ್ನೋ ಹಳೆಯ ನಕ್ಷೆಯನ್ನೋ ಬಟ್ಟೆಯಂತೆ ಹೊದಿಸುತ್ತಾರೆ. ಆಕಾರ ಒಂದು ಕಾಲದ್ದು, ಹೊದಿಕೆ ಇನ್ನೊಂದು ಕಾಲದ್ದು. ನಾನು ಬಳಸಿದ ಎತ್ತರಗಳು 2000ದ ಫೆಬ್ರವರಿಯಲ್ಲಿ ಎಂಡೆವರ್ ನೌಕೆ 11 ದಿನ ಬಾಹ್ಯಾಕಾಶದಲ್ಲಿದ್ದು ರೇಡಾರ್‌ನಿಂದ ಅಳೆದವು.

ಅಮ್ಮನ ತವರು ಲಿಂಗನಮಕ್ಕಿಯಲ್ಲಿ ಮುಳುಗಿದ ಊರು. "ಮನೆ ದಿಬ್ಬದ ಮೇಲಿತ್ತು, ತೋಟ ಕೆಳಗೆ. ಕಾಣ್ತದಾ ನೋಡು" ಎಂದಳು ಫೋನಿನಲ್ಲಿ. ಅಣೆಕಟ್ಟು ಮುಗಿದದ್ದು 1964ರಲ್ಲಿ. ಅದಕ್ಕೂ ಮುಂಚಿನ ಸರ್ವೆ ಹಾಳೆಯೊಂದರ ಸ್ಕ್ಯಾನ್ ಪ್ರತಿಯನ್ನು ಈ ನೆಲಕ್ಕೆ ಹೊದಿಸಿದೆ. ಊರಿನ ಹೆಸರು ಸಿಕ್ಕಿತು, ದಿಬ್ಬ ಸಿಗಲಿಲ್ಲ. ರೇಡಾರ್ ನೀರಿನ ತಳಕ್ಕೆ ಇಳಿಯುವುದಿಲ್ಲ. ಜಲಾಶಯಗಳನ್ನು ದತ್ತಾಂಶದಲ್ಲಿ ಸಮತಟ್ಟು ಮಾಡಿಟ್ಟಿದ್ದಾರೆ. ಹಾಳೆಯ ಮೇಲಿನ ಸಮೋನ್ನತಿ ರೇಖೆಗಳು ಇಲ್ಲಿ ಇಳಿಜಾರಿದೆ ಎನ್ನುತ್ತವೆ. ಅವುಗಳ ಕೆಳಗಿನ ನೆಲ ಮಾತ್ರ ಕೇರಂ ಬೋರ್ಡಿನಂತೆ ಮಟ್ಟಸ. ಎತ್ತರವನ್ನು ಮೂರು ಪಟ್ಟು ಹಿಗ್ಗಿಸಿದೆ. ಸುತ್ತಲಿನ ಗುಡ್ಡಗಳು ಹಿಮಾಲಯದಂತಾದವು, ಊರು ಕದಲಲಿಲ್ಲ.

ನನ್ನ ತಕರಾರು ಇಷ್ಟೇ. ಕಾಗದದ ನಕ್ಷೆ ಎತ್ತರವನ್ನು ಓದುಗನ ಊಹೆಗೆ ಬಿಡುತ್ತದೆ. ಮೂರು ಆಯಾಮದ ನಕ್ಷೆ ನಮ್ಮ ಬದಲು ತಾನೇ ಊಹಿಸುತ್ತದೆ. ಹಾಗಾಗಿ ಅನುಮಾನವೇ ಹುಟ್ಟುವುದಿಲ್ಲ. ನಾ. ಡಿಸೋಜ ಅವರ 'ದ್ವೀಪ'ದಲ್ಲಿ ನೀರು ಏರುತ್ತದೆ. ನಿಜವಾದ ಜಲಾಶಯದಲ್ಲೂ ಮಳೆಗಾಲದಲ್ಲಿ ಏರಿ ಬೇಸಿಗೆಯಲ್ಲಿ ಇಳಿಯುತ್ತದೆ. ತೀರಾ ಇಳಿದಾಗ ಮಡೇನೂರಿನ ಹಳೆಯ ಹಿರೇಭಾಸ್ಕರ ಅಣೆಕಟ್ಟು ಮೇಲೆ ಕಾಣುತ್ತದೆ. ಪರದೆಯ ಮೇಲೆ ಮಾತ್ರ ನೀರು ಒಂದೇ ಮಟ್ಟದಲ್ಲಿ ನಿಂತುಬಿಟ್ಟಿದೆ.

ಇದಕ್ಕೆ ದಾರಿಯಿಲ್ಲದೆ ಇಲ್ಲ. ಚಿತ್ರದ ದಿನಾಂಕದ ಪಕ್ಕದಲ್ಲೇ ಎತ್ತರ ಅಳೆದ ದಿನಾಂಕವನ್ನೂ ಬರೆಯಲಿ. ಹಳೆಯ ಹಾಳೆಯ ರೇಖೆಗಳನ್ನು ಗುರುತಿಸಿ, ಅವುಗಳಿಂದಲೇ ಮುಳುಗಿದ ನೆಲವನ್ನು ಮತ್ತೆ ಕಟ್ಟಬಹುದು. ಆಮೇಲೆ ಬೇಕಾದರೆ ಜಲಾಶಯದ ಗರಿಷ್ಠ ಮಟ್ಟವಾದ 1819 ಅಡಿಯವರೆಗೆ ನೀರು ತುಂಬಿಸಿ ನೋಡಬಹುದು.

ಒಂದೊಂದೇ ರೇಖೆಯ ಮೇಲೆ ಮೌಸ್ ಎಳೆಯುತ್ತಾ ಆ ಕೆಲಸ ಶುರು ಮಾಡಿದ್ದೇನೆ. ಮನೆ ದಿಬ್ಬದ ಯಾವ ಬದಿಗಿತ್ತು ಎಂಬುದನ್ನು ಮಾತ್ರ ಅಮ್ಮನನ್ನೇ ಕೇಳಬೇಕು.