ಹೆಬ್ಬಾವಿನ ನೆರಳಿನಲ್ಲಿ ಆಮೆ

ಕೊರವಂಗಲದಲ್ಲಿ ಬೂಚಿರಾಜ 1173ರಲ್ಲಿ ಕಟ್ಟಿಸಿದ ಬೂಚೇಶ್ವರ ದೇವಾಲಯವಿದೆ. ಹಾಸನದಿಂದ ಹತ್ತು ಕಿಲೋಮೀಟರ್ ದೂರವಷ್ಟೇ. ಆದರೂ ನಾನು ಕಂಡ ಪ್ರವಾಸಿ ಪುಸ್ತಕಗಳಲ್ಲಿ ಬೇಲೂರು-ಹಳೇಬೀಡಿಗೆ ಪುಟಗಟ್ಟಲೆ ಜಾಗ, ನಮ್ಮೂರಿಗೆ ಹೆಚ್ಚೆಂದರೆ ಒಂದು ಸಾಲು. ಪುಸ್ತಕದಲ್ಲಿ ಇಲ್ಲದ್ದನ್ನು ಜನ ಹುಡುಕಿಕೊಂಡು ಬರುವುದಿಲ್ಲ.

ಕಂಪ್ಯೂಟರ್ ಪುಸ್ತಕಗಳಲ್ಲೂ ಹೀಗೆಯೇ ಎಂದು ನನಗೆ ತಿಳಿದದ್ದು ತಡವಾಗಿ. ನಾನು ಕನ್ನಡ ಪಾಠ ಹೇಳುವವಳು. ಬೇರೆ ಯಾರೂ ಇಲ್ಲದ್ದರಿಂದ ಕಂಪ್ಯೂಟರ್ ಕೋಣೆಯ ಬೀಗದ ಕೈ ನನ್ನ ಪಾಲಿಗೆ ಬಂತು. ಅಲ್ಲಿದ್ದ ಗೈಡುಗಳೆಲ್ಲ ಪೈಥಾನಿನವು. ಅದರಲ್ಲೊಂದು ಪಾಠ, ಪರದೆಯ ಮೇಲೆ ಆಮೆಯನ್ನು ನಡೆಸಿ ಚಿತ್ರ ಬಿಡಿಸುವುದು. ಓದಿದರೆ ಆಮೆ ಪೈಥಾನಿನದೇ ಕೂಸು ಅನ್ನಿಸುತ್ತದೆ.

ಅಲ್ಲ. ಆಮೆ ಲೋಗೋ ಎಂಬ ಭಾಷೆಯದು. 1967ರಲ್ಲಿ ವಾಲಿ ಫಾಯರ್‌ಜೈಗ್, ಸೀಮೋರ್ ಪೇಪರ್ಟ್, ಸಿಂಥಿಯಾ ಸಾಲಮನ್ ಮಕ್ಕಳಿಗೆಂದೇ ರೂಪಿಸಿದ್ದು. ಪೈಥಾನ್ ಹೊರಬಂದದ್ದು 1991ರಲ್ಲಿ. ಪೈಥಾನಿನ ಅಧಿಕೃತ ಕೈಪಿಡಿ ಈ ಋಣವನ್ನು ಹೆಸರು ಹೇಳಿ ಒಪ್ಪಿಕೊಳ್ಳುತ್ತದೆ. ಮರೆತವರು ನಮ್ಮ ಗೈಡು ಬರೆಯುವವರು.

ಲೋಗೋ ಹಿಂದೆ ಸರಿದದ್ದು ಇದೇ ಮೊದಲಲ್ಲ. ಎಂಬತ್ತರ ದಶಕದ ಮನೆ ಕಂಪ್ಯೂಟರುಗಳಲ್ಲಿ ಬೇಸಿಕ್ ಭಾಷೆ ಯಂತ್ರದೊಳಗೇ ಕೂತು ಬರುತ್ತಿತ್ತು. ಲೋಗೋಗೆ ಹೆಚ್ಚು ಮೆಮೊರಿ ಬೇಕಿತ್ತು. ಪತ್ರಿಕೆಗಳು ಬೇಸಿಕ್ ಪ್ರೋಗ್ರಾಮುಗಳನ್ನೇ ಅಚ್ಚುಹಾಕಿದವು. 1982ರ ಆಗಸ್ಟಿನಲ್ಲಿ ‘ಬೈಟ್’ ಪತ್ರಿಕೆ ಲೋಗೋಗೆಂದೇ ಸಂಚಿಕೆ ತಂದರೂ ಗಾಳಿ ತಿರುಗಲಿಲ್ಲ.

ಹೆಸರು ಬಿಟ್ಟರೆ ಹೋಗುವುದೇನು ಎನ್ನಬಹುದು. ನಮ್ಮ ಶಾಲೆಯಲ್ಲಿ ನಡೆದದ್ದು ಕೇಳಿ. ಸಮಬಾಹು ತ್ರಿಭುಜ ಬರೆಯಲು ಗೈಡು ‘120 ಡಿಗ್ರಿ ತಿರುಗಿಸು’ ಎಂದಷ್ಟೇ ಹೇಳಿತ್ತು. ಒಬ್ಬಳು ಹುಡುಗಿ ಕೇಳಿದಳು: “ಮಿಸ್, ಗಣಿತದಲ್ಲಿ ಮೂಲೆ 60 ಅಂತ ಹೇಳಿಕೊಟ್ಟಿದಾರಲ್ಲ?” ಗೈಡಿನಲ್ಲಿ ಉತ್ತರವಿರಲಿಲ್ಲ, ನನಗೂ ಗೊತ್ತಿರಲಿಲ್ಲ. ಉತ್ತರ ಸಿಕ್ಕಿದ್ದು ಪೇಪರ್ಟರ ವಿಚಾರದಲ್ಲಿ. ಮಗು ತಾನೇ ಆಮೆಯಾಗಿ ನಡೆದು ನೋಡಬೇಕು. ತಪ್ಪಿದರೆ ಅದು ಸೋಲಲ್ಲ, ಯೋಚಿಸಲು ಸಿಕ್ಕ ಸಾಮಗ್ರಿ. 1980ರ ‘ಮೈಂಡ್‌ಸ್ಟಾರ್ಮ್ಸ್’ ಪುಸ್ತಕದ ತಿರುಳು ಇದೇ.

ಹುಡುಗಿಯನ್ನು ಅಂಗಳಕ್ಕೆ ಕರೆತಂದು ತ್ರಿಭುಜ ನಡೆಸಿದೆ. 60 ತಿರುಗಿ ಮೂರು ಬದಿ ನಡೆದಳು, ಹೊರಟಲ್ಲಿಗೆ ಬರಲಿಲ್ಲ. ನಿಂತು ಲೆಕ್ಕ ಹಾಕಿದಳು: ಒಂದು ಸುತ್ತಿಗೆ 360, ತಿರುವು ಮೂರು, ಒಂದೊಂದಕ್ಕೆ 120. 60 ಒಳಗಿನ ಕೋನ, ಕಾಲು ತಿರುಗಬೇಕಾದ್ದು ಹೊರಗಿನದು.

ಪೈಥಾನ್ ಬೇಡವೆಂದು ನಾನು ಹೇಳುವುದಿಲ್ಲ. ನಾಳೆ ಈ ಮಕ್ಕಳಿಗೆ ಅನ್ನ ಕೊಡುವುದು ಅದೇ ಇರಬಹುದು. ಆದರೆ ಗೈಡಿನವರು ಆಮೆಯನ್ನು ತೆಗೆದುಕೊಂಡು, ಅದು ನಡೆಯುವ ಅಂಗಳವನ್ನು ಬಿಟ್ಟುಬಿಟ್ಟರು. ಆ ಪಾಠದ ಮೇಲೆ ಪೆನ್ಸಿಲಿನಲ್ಲಿ ‘ಲೋಗೋ, 1967’ ಎಂದು ಬರೆದಿಟ್ಟಿದ್ದೇನೆ. ಮುಂದಿನ ಮುದ್ರಣದಲ್ಲಿ ಅಚ್ಚಾದರೆ ಸಂತೋಷ.