ತೆಂಗಿನೆಣ್ಣೆಯ ಜಾತಕ

ಎಚ್.ಡಿ. ಕೋಟೆ ಬಿಟ್ಟು, ಬಾವಲಿ ಚೆಕ್‌ಪೋಸ್ಟ್ ದಾಟಿ, ಕಾಟ್ಟಿಕುಳದಿಂದ ಬೇಗೂರು ಕಾಡಿನ ರಸ್ತೆ ಹಿಡಿದ ಮೈಸೂರು ಸೀಮೆಯವರಿಗೆ ರಾಜ್ಯ ಬದಲಾದದ್ದು ಮೊದಲು ಮೂಗಿಗೆ ತಿಳಿಯುತ್ತದೆ. ಚಹಾದಂಗಡಿಯ ಬಾಣಲೆಯಿಂದ ಏಳುವುದು ತೆಂಗಿನೆಣ್ಣೆಯ ವಾಸನೆ. ‘ತಲೆಗೆ ಹಚ್ಚೋ ಎಣ್ಣೇಲಿ ಅಡುಗೆ ಮಾಡ್ತಾರಪ್ಪ’ ಎಂದು ಮುಖ ಸಿಂಡರಿಸುವವರು ನಮ್ಮಲ್ಲಿ ಈಗಲೂ ಇದ್ದಾರೆ. (ತಲೆಗೋ ಅಡುಗೆಗೋ ಎಂಬ ಈ ತಕರಾರು ತೆರಿಗೆ ಮೊಕದ್ದಮೆಯಾಗಿ ಸುಪ್ರೀಂ ಕೋರ್ಟಿನವರೆಗೂ ಹೋಯಿತು. ಕೇಶತೈಲ ಎಂದು ಹೆಸರಿಟ್ಟು ಮಾರದಿದ್ದರೆ ಚಿಕ್ಕ ಬಾಟಲಿಯದೂ ಖಾದ್ಯ ತೈಲವೇ ಎಂದು 2024ರ ಡಿಸೆಂಬರ್‌ನಲ್ಲಿ ತೀರ್ಪು ಬಂತು.) ಅದೇ ಜನ ಸ್ವಲ್ಪ ಮುಂದೆ, ತಿರುನೆಲ್ಲಿಗೆ ದಾರಿ ಕವಲೊಡೆಯುವ ತೆಟ್ಟು ರೋಡಿನಲ್ಲಿ ಕಾರು ನಿಲ್ಲಿಸಿ ಉಣ್ಣಿಯಪ್ಪ ಕಟ್ಟಿಸಿಕೊಳ್ಳುತ್ತಾರೆ. ಅಕ್ಕಿ, ಬೆಲ್ಲ, ಬಾಳೆಹಣ್ಣು ಸೇರಿಸಿದ ಹಿಟ್ಟು ಎಣ್ಣೆ ತುಂಬಿದ ಗುಳಿಗೆ ಬಿದ್ದು ಉಬ್ಬುತ್ತದೆ, ಕಂಬಿಯ ತುದಿಯಲ್ಲಿ ಮಗುಚಿಕೊಳ್ಳುತ್ತದೆ, ಕಂದು ತಿರುಗಿ ಮೇಲೆ ಬರುತ್ತದೆ. ಕೈಗೆ ತೆಗೆದುಕೊಂಡರೆ ಐದೂ ಬೆರಳಿಗೆ ಜಿಡ್ಡು. ಎರಡನೆಯದನ್ನು ಬಾಯಿಗಿಡುವಾಗ ಯಾರಾದರೊಬ್ಬರು ಹೇಳಿಯೇ ಹೇಳುತ್ತಾರೆ: ‘ತೆಂಗಿನೆಣ್ಣೆ ಹಾರ್ಟಿಗೆ ಒಳ್ಳೇದಂತೆ, ಹೆಗ್ಡೆಯವರೇ ಹೇಳಿದ್ದಾರಲ್ಲ.’

ಹೆಗ್ಡೆಯವರು ಎಂದರೆ ಡಾ. ಬಿ.ಎಂ. ಹೆಗ್ಡೆ. ಹೃದ್ರೋಗ ತಜ್ಞರು, ಮಣಿಪಾಲ ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದವರು, 2021ರಲ್ಲಿ ಪದ್ಮವಿಭೂಷಣ ಪಡೆದವರು. ಕನ್ನಡ ಕರಾವಳಿಯಲ್ಲಿ ಅವರ ಮಾತಿಗಿರುವ ತೂಕ ಇನ್ನೊಬ್ಬ ವೈದ್ಯರ ಮಾತಿಗಿಲ್ಲ. ತೆಂಗಿನೆಣ್ಣೆಯ ಬಗ್ಗೆ ಅವರು ಭಾಷಣಗಳಲ್ಲಿ ಹೇಳುತ್ತ ಬಂದದ್ದರ ಲಿಖಿತ ರೂಪ 2006ರಲ್ಲಿ ಇಂಡಿಯನ್ ಅಕಾಡೆಮಿ ಆಫ್ ಕ್ಲಿನಿಕಲ್ ಮೆಡಿಸಿನ್‌ನ ಪತ್ರಿಕೆಯಲ್ಲಿ ಬಂದ ಒಂದು ಅಭಿಪ್ರಾಯ ಲೇಖನ. ತಾಯಿಹಾಲು ಬಿಟ್ಟರೆ ತೆಂಗಿನೆಣ್ಣೆಯೇ ಆದರ್ಶ ಕೊಬ್ಬು ಎಂಬುದು ಅದರ ತಲೆಬರಹ. ತೆಂಗಿನ ಜಾತಕ ನೋಡುವುದು ಎಂಬುದು ಉಪಶೀರ್ಷಿಕೆ. ಲೇಖನ ಚಿಕ್ಕದು, ಅದರ ಪ್ರಭಾವ ಚಿಕ್ಕದಲ್ಲ. ಆದ್ದರಿಂದ ಆ ಜಾತಕವನ್ನು ಇನ್ನೊಮ್ಮೆ ತೆರೆದು ನೋಡುವುದರಲ್ಲಿ ತಪ್ಪಿಲ್ಲ.

ಮೊದಲು ಅವರ ಪರವಾಗಿ ಹೇಳಬೇಕಾದದ್ದು. ತೆಂಗಿನೆಣ್ಣೆಯ ಮೇಲೆ ಬಂದ ಆರೋಪದ ಹಿಂದೆ ವ್ಯಾಪಾರದ ಕೈಯೂ ಇತ್ತು ಎಂಬ ಸಂಶಯ ಬುಡವಿಲ್ಲದ್ದಲ್ಲ. 1980ರ ದಶಕದ ಕೊನೆಗೆ ಅಮೆರಿಕದಲ್ಲಿ ತೆಂಗು ಮತ್ತು ತಾಳೆ ಎಣ್ಣೆಗಳ ವಿರುದ್ಧ ದೊಡ್ಡ ಪ್ರಚಾರ ನಡೆಯಿತು, ಸೋಯಾ ಬೆಳೆಗಾರರ ಸಂಘವೂ ಅದರಲ್ಲಿತ್ತು. ಬಿಸ್ಕತ್ತು, ಚಿಪ್ಸ್ ಕಂಪನಿಗಳು ಆ ಎಣ್ಣೆಗಳನ್ನು ಬಿಟ್ಟು ಹಿಡಿದದ್ದು ಜಲಜನಕ ಸೇರಿಸಿ ಗಟ್ಟಿ ಮಾಡಿದ ಸೋಯಾ ಎಣ್ಣೆಯನ್ನು, ಅಂದರೆ ಟ್ರಾನ್ಸ್‌ಫ್ಯಾಟನ್ನು. ಅದು ‘ಕೆಟ್ಟ’ ಕೊಲೆಸ್ಟೆರಾಲ್ ಎನ್ನುವ ಎಲ್‌ಡಿಎಲ್ ಏರಿಸುವುದರ ಜೊತೆಗೆ ‘ಒಳ್ಳೆಯ’ದೆನ್ನುವ ಎಚ್‌ಡಿಎಲ್ಲನ್ನೂ ಇಳಿಸುವ ಕೊಬ್ಬು, ಬಿಟ್ಟದ್ದಕ್ಕಿಂತ ಕೆಟ್ಟದ್ದು. ನಮ್ಮಲ್ಲಿ 1937ರಿಂದಲೇ ಡಾಲ್ಡಾ ಇದೇ ಕೆಲಸ ಮಾಡಿಕೊಂಡು ಬಂದಿತ್ತು. ಎಣ್ಣೆ–ಕೊಬ್ಬುಗಳಲ್ಲಿ ಟ್ರಾನ್ಸ್‌ಫ್ಯಾಟ್ ಶೇ 2 ಮೀರಬಾರದು ಎಂಬ ನಿಯಮ ಭಾರತದಲ್ಲಿ ಜಾರಿಗೆ ಬಂದದ್ದು 2022ರ ಜನವರಿಯಲ್ಲಿ. ದೊಡ್ಡ ಡಬ್ಬಿಯ ವನಸ್ಪತಿಯನ್ನು ನಂಬಿ ಮನೆಯ ಎಣ್ಣೆಯನ್ನು ಬಿಡಬೇಡಿ ಎಂದವರು ಅಷ್ಟರಮಟ್ಟಿಗೆ ಗೆದ್ದರು.

ಆದರೆ ಎದುರಾಳಿ ಸೋತ ಮಾತ್ರಕ್ಕೆ ನಮ್ಮ ವಾದ ಸಾಬೀತಾಗುವುದಿಲ್ಲ. ಹೆಗ್ಡೆಯವರ ಲೇಖನ ಎಡವುವುದು ಅದು ಬಲವೆಂದು ಭಾವಿಸಿದ ಜಾಗದಲ್ಲೇ, ತಾಯಿಹಾಲಿನಲ್ಲಿ. ತೆಂಗಿನೆಣ್ಣೆಯ ಹೆಚ್ಚುಕಡಿಮೆ ಅರ್ಧದಷ್ಟು ಲಾರಿಕ್ ಆಮ್ಲ. ದೇಹದಲ್ಲಿ ಅದರಿಂದ ಮೊನೊಲಾರಿನ್ ಆಗುತ್ತದೆ, ಅದು ಸೂಕ್ಷ್ಮಾಣುಗಳನ್ನು ಕೊಲ್ಲುತ್ತದೆ, ತಾಯಿಹಾಲಿನಲ್ಲೂ ಅದೇ ಇದೆ: ವಾದದ ಸರಪಳಿ ಇದು. ಸರಿ, ತಾಯಿಹಾಲಿನ ಕೊಬ್ಬನ್ನೇ ಬಿಡಿಸಿ ನೋಡೋಣ. ಅದರಲ್ಲಿ ಅತಿ ಹೆಚ್ಚಿರುವುದು ಒಲಿಯಿಕ್ ಆಮ್ಲ, ನಂತರ ಪಾಮಿಟಿಕ್ ಆಮ್ಲ. ಲಾರಿಕ್ ಇದೆ, ಚಿಕ್ಕ ಪಾಲಾಗಿ. ಒಲಿಯಿಕ್ ಮತ್ತು ಪಾಮಿಟಿಕ್ ಒಟ್ಟಿಗೆ ಯಥೇಚ್ಛವಾಗಿರುವ ಅಡುಗೆ ಎಣ್ಣೆ ಯಾವುದು? ತಾಳೆಯಿಂದ ಬರುವ ಪಾಮೋಲಿನ್. ಶಿಶು ಆಹಾರ ತಯಾರಿಸುವ ಕಂಪನಿಗಳು ಡಬ್ಬಿಹಾಲಿಗೆ ಅದನ್ನು ಬೆರೆಸುವುದಕ್ಕೆ ಇದೂ ಒಂದು ಕಾರಣ. ಹೋಲಿಕೆಯೇ ಪ್ರಮಾಣವಾದರೆ ತಾಯಿಹಾಲಿನ ಪಕ್ಕದ ಪೀಠ ತೆಂಗಿಗೆ ಸಿಗದೆ ತಾಳೆಗೆ ಹೋಗುತ್ತದೆ. ಹೆಗ್ಡೆಯವರ ಅಭಿಮಾನಿಗಳು ಇದನ್ನು ಒಪ್ಪಲಾರರು, ನಾನೂ ಒಪ್ಪುವುದಿಲ್ಲ. ಆರು ತಿಂಗಳ ಕೂಸಿಗೆ ಹಿತವಾದದ್ದು ಐವತ್ತು ದಾಟಿದ ಗುಮಾಸ್ತನ ರಕ್ತನಾಳಕ್ಕೂ ಹಿತ ಎಂದು ಯಾರು ಹೇಳಿದರು?

ಎರಡನೆಯ ವಾದ ಹೆಚ್ಚು ನಯವಾದದ್ದು. ತೆಂಗಿನದು ಮಧ್ಯಮ ಸರಪಳಿಯ ಕೊಬ್ಬು, ಅದು ನೇರ ಯಕೃತ್ತಿಗೆ ಹೋಗಿ ಉರಿದುಹೋಗುತ್ತದೆ, ರಕ್ತದಲ್ಲಿ ನಿಲ್ಲುವುದಿಲ್ಲ ಎಂಬುದು. ಎಂಟು, ಹತ್ತು ಇಂಗಾಲದ ಆಮ್ಲಗಳ ಮಟ್ಟಿಗೆ ಇದು ನಿಜ, ಆದರೆ ತೆಂಗಿನೆಣ್ಣೆಯಲ್ಲಿ ಅವು ಶೇ 15ರ ಆಸುಪಾಸು ಮಾತ್ರ. ಹನ್ನೆರಡು ಇಂಗಾಲದ ಲಾರಿಕ್ ರಸಾಯನಶಾಸ್ತ್ರದ ಪುಸ್ತಕದಲ್ಲಿ ಮಧ್ಯಮ ಸರಪಳಿ. ಕರುಳಿನಲ್ಲಿ ಅದರ ಹೆಚ್ಚಿನ ಪಾಲು ಉದ್ದ ಸರಪಳಿಯ ಕೊಬ್ಬಿನಂತೆಯೇ ದುಗ್ಧನಾಳದ ಮೂಲಕ ರಕ್ತ ಸೇರುತ್ತದೆ. ಪ್ರಯೋಗಾಲಯದಲ್ಲಿ ಶುದ್ಧ ಮಾಡಿದ ಎಂಸಿಟಿ (ಮಧ್ಯಮ ಸರಪಳಿ ಕೊಬ್ಬಿನ) ಎಣ್ಣೆಯ ಮೇಲೆ ನಡೆದ ಅಧ್ಯಯನಗಳ ಕೀರ್ತಿಯನ್ನು ತಿಪಟೂರಿನ ಕೊಬ್ಬರಿಗೆ ವರ್ಗಾಯಿಸುವ ಲೇಖನಗಳು ಈಗಲೂ ಬರುತ್ತಲೇ ಇವೆ.

ಹಾಗಾದರೆ ತೆಂಗಿನೆಣ್ಣೆ ನಿಜವಾಗಿ ಏನು ಮಾಡುತ್ತದೆ? ಅದರಲ್ಲಿ ಶೇ 80ಕ್ಕಿಂತ ಹೆಚ್ಚು ಸ್ಯಾಚುರೇಟೆಡ್ ಕೊಬ್ಬು. ಕಡಲೆಕಾಯಿ ಎಣ್ಣೆಯಲ್ಲಿ ಶೇ 20ರ ಒಳಗೆ, ಸೂರ್ಯಕಾಂತಿಯಲ್ಲಿ ಶೇ 10–12. ರಕ್ತದಲ್ಲಿ ತೇಲುವ ಎಲ್‌ಡಿಎಲ್ ಕಣಗಳನ್ನು ಹಿಡಿದು ಒಳಗೆಳೆದುಕೊಳ್ಳುವ ಗ್ರಾಹಕಗಳು ಯಕೃತ್ತಿನ ಜೀವಕೋಶಗಳ ಮೇಲಿವೆ. ಈ ವ್ಯವಸ್ಥೆಯನ್ನು ಕಂಡುಹಿಡಿದ ಬ್ರೌನ್ ಮತ್ತು ಗೋಲ್ಡ್‌ಸ್ಟೀನ್‌ಗೆ 1985ರಲ್ಲಿ ನೊಬೆಲ್ ಬಂತು. ಸ್ಯಾಚುರೇಟೆಡ್ ಕೊಬ್ಬು ಹೆಚ್ಚಿದಂತೆ ಆ ಗ್ರಾಹಕಗಳ ಕೆಲಸ ಕುಗ್ಗುತ್ತದೆ, ಎಲ್‌ಡಿಎಲ್ ರಕ್ತದಲ್ಲೇ ಉಳಿಯುತ್ತದೆ. ಎಷ್ಟು ಉಳಿಯುತ್ತದೆ ಎಂಬುದಕ್ಕೂ ಲೆಕ್ಕವಿದೆ. 16 ಪ್ರಯೋಗಗಳನ್ನು ಒಟ್ಟುಗೂಡಿಸಿ 2020ರಲ್ಲಿ ‘ಸರ್ಕ್ಯುಲೇಶನ್’ ಪತ್ರಿಕೆ ಪ್ರಕಟಿಸಿದ ವಿಶ್ಲೇಷಣೆಯ ಪ್ರಕಾರ, ಸೂರ್ಯಕಾಂತಿ, ಆಲಿವ್‌ನಂಥ ಎಣ್ಣೆಗಳ ಬದಲು ತೆಂಗಿನೆಣ್ಣೆ ತಿಂದವರಲ್ಲಿ ಎಲ್‌ಡಿಎಲ್ ಡೆಸಿಲೀಟರ್ ರಕ್ತಕ್ಕೆ ಸುಮಾರು 10 ಮಿಲಿಗ್ರಾಂ ಹೆಚ್ಚು, ಎಚ್‌ಡಿಎಲ್ ಸುಮಾರು 4 ಹೆಚ್ಚು. ‘ನೋಡಿ, ಒಳ್ಳೆಯದೂ ಏರಿತಲ್ಲ’ ಎನ್ನುವವರಿಗೆ ಒಂದು ಮಾತು: ಎಚ್‌ಡಿಎಲ್ ಭರ್ಜರಿಯಾಗಿ ಏರಿಸುತ್ತಿದ್ದ ಟಾರ್ಸೆಟ್ರಾಪಿಬ್ ಎಂಬ ಮಾತ್ರೆಯ ಪ್ರಯೋಗವನ್ನು 2006ರಲ್ಲಿ ಅರ್ಧದಲ್ಲೇ ನಿಲ್ಲಿಸಬೇಕಾಯಿತು, ಮಾತ್ರೆ ನುಂಗಿದವರೇ ಹೆಚ್ಚು ಸತ್ತರು. ಇನ್ನು ಆ ಹತ್ತು ಮಿಲಿಗ್ರಾಂ. ಕೊಲೆಸ್ಟೆರಾಲ್ ಇಳಿಸುವ ಸ್ಟ್ಯಾಟಿನ್ ಮಾತ್ರೆಗಳ ಪ್ರಯೋಗಗಳಲ್ಲಿ ಎಲ್‌ಡಿಎಲ್ 39 ಮಿಲಿಗ್ರಾಂ ಇಳಿದರೆ ಹೃದಯಾಘಾತ, ಪಾರ್ಶ್ವವಾಯುಗಳಂಥ ಘಟನೆಗಳು ಐದರಲ್ಲೊಂದು ಪಾಲು ತಗ್ಗುತ್ತವೆ. ಆ ದರದಲ್ಲಿ ಹತ್ತು ಮಿಲಿಗ್ರಾಂ ಏರಿಕೆ ಎಂದರೆ ಇರುವ ಅಪಾಯಕ್ಕೆ ಶೇ 5–6 ಸೇರಿದಂತೆ. ವಿಷವಲ್ಲ, ಅಮೃತವಂತೂ ಅಲ್ಲ. ಹಾರ್ವರ್ಡ್‌ನ ಪ್ರಾಧ್ಯಾಪಕಿಯೊಬ್ಬರು 2018ರಲ್ಲಿ ಜರ್ಮನಿಯ ಭಾಷಣವೊಂದರಲ್ಲಿ ತೆಂಗಿನೆಣ್ಣೆಯನ್ನು ಶುದ್ಧ ವಿಷ ಎಂದದ್ದು, ಅದಕ್ಕೆ ನಮ್ಮ ತೋಟಗಾರಿಕೆ ಆಯುಕ್ತರು ಪ್ರತಿಭಟನೆಯ ಪತ್ರ ಬರೆದದ್ದು, ಎರಡೂ ಅತಿಯಾಯಿತು.

ತೆಂಗಿನ ಪರ ನಿಲ್ಲುವವರ ಬಳಿ ಇರುವ ಒಳ್ಳೆಯ ಸಾಕ್ಷಿ ಕೇರಳದ್ದೇ. ಕೊಚ್ಚಿಯ ಅಮೃತಾ ಸಂಸ್ಥೆಯಲ್ಲಿ 200 ಹೃದ್ರೋಗಿಗಳನ್ನು ಎರಡು ಪಾಲು ಮಾಡಿ, ಒಂದು ಪಾಲಿಗೆ ತೆಂಗಿನೆಣ್ಣೆ, ಇನ್ನೊಂದಕ್ಕೆ ಸೂರ್ಯಕಾಂತಿ ಎಣ್ಣೆಯ ಅಡುಗೆ, ಎರಡು ವರ್ಷ. ಫಲಿತಾಂಶ 2016ರಲ್ಲಿ ಬಂತು: ಕೊಲೆಸ್ಟೆರಾಲ್‌ನಲ್ಲಾಗಲಿ ಹೃದಯದ ತೊಂದರೆಗಳಲ್ಲಾಗಲಿ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ. ಇದನ್ನು ತಳ್ಳಿಹಾಕುವಂತಿಲ್ಲ, ಹೊತ್ತು ಮೆರೆಸುವಂತೆಯೂ ಇಲ್ಲ. ಅವರು ಆಗಲೇ ಚಿಕಿತ್ಸೆಯಲ್ಲಿದ್ದ ರೋಗಿಗಳು. ಕೊಲೆಸ್ಟೆರಾಲ್ ಇಳಿಸುವ ಮಾತ್ರೆ ನುಂಗುತ್ತಿರುವವರಲ್ಲಿ ಎಣ್ಣೆಯ ಹತ್ತು ಮಿಲಿಗ್ರಾಂ ಮುಚ್ಚಿಹೋಗಬಹುದು. ಜೊತೆಗೆ, ಹೃದಯಾಘಾತದ ಸಣ್ಣ ವ್ಯತ್ಯಾಸ ಹಿಡಿಯಲು ಇನ್ನೂರು ಜನ ಸಾಲುವುದೇ ಇಲ್ಲ. ಪೆಸಿಫಿಕ್ಕಿನ ಟೋಕೆಲಾವ್, ಪುಕಾಪುಕಾ ದ್ವೀಪಗಳ ಕಥೆಯೂ ಹೀಗೆಯೇ. ಅಲ್ಲಿನವರು ಹೊಟ್ಟೆ ತುಂಬ ತೆಂಗು ತಿಂದರೂ ಹೃದ್ರೋಗ ವಿರಳವಾಗಿತ್ತು ನಿಜ, ಆದರೆ ತಿಂದದ್ದು ಕಾಯಿ, ಮೀನು, ಗೆಡ್ಡೆ. ಹೆಚ್ಚು ತೆಂಗು ತಿಂದ ಟೋಕೆಲಾವಿನವರಲ್ಲೇ ಕೊಲೆಸ್ಟೆರಾಲ್ ಹೆಚ್ಚಿತ್ತು ಎಂಬ, ಆ ದ್ವೀಪಗಳ ಅಧ್ಯಯನದ ವರದಿಯಲ್ಲೇ ಇರುವ ಸಾಲು ಮಾತ್ರ ವಾಟ್ಸ್ಯಾಪಿಗೆ ಬರುವುದಿಲ್ಲ. ಕಾಯಿತುರಿ ಹಾಕಿದ ಪಲ್ಯಕ್ಕೂ ಎಣ್ಣೆಯಲ್ಲಿ ಮುಳುಗಿಸಿ ತೆಗೆದ ಬಾಳೆಕಾಯಿ ಚಿಪ್ಸಿಗೂ ನಮ್ಮಲ್ಲಿ ಒಂದೇ ‘ತೆಂಗು’ ಎಂಬ ಚೀಟಿ ಅಂಟಿಸುತ್ತಾರೆ.

ಕರ್ನಾಟಕದ ಕಡೆಯ ಅಡುಗೆಮನೆಯೇನು ಕಡಿಮೆಯಿಲ್ಲ. ಸೂರ್ಯಕಾಂತಿ ಎಣ್ಣೆಯ ಪ್ಯಾಕೆಟ್ಟಿನ ಮೇಲೆ ಹೃದಯದ ಚಿತ್ರ, ‘ಕೊಲೆಸ್ಟೆರಾಲ್ ಇಲ್ಲ’ ಎಂಬ ಅಕ್ಷರ. ಸಸ್ಯದಿಂದ ತೆಗೆದ ಯಾವ ಎಣ್ಣೆಯಲ್ಲೂ ಹೇಳಿಕೊಳ್ಳುವಷ್ಟು ಕೊಲೆಸ್ಟೆರಾಲ್ ಇರುವುದಿಲ್ಲ, ತೆಂಗಿನೆಣ್ಣೆಯಲ್ಲೂ ಇಲ್ಲ, ಪಾಮೋಲಿನ್ನಿನಲ್ಲೂ ಇಲ್ಲ. ಈ ಹೆಗ್ಗಳಿಕೆ ನಮ್ಮ ಉಪ್ಪಿನಲ್ಲಿ ಸಕ್ಕರೆಯಿಲ್ಲ ಎಂದಂತೆ. ಎಲ್‌ಡಿಎಲ್ ಇಳಿಸಿದ ಮಾತ್ರಕ್ಕೆ ಆಯುಷ್ಯ ಹೆಚ್ಚಿತೆಂದು ಹೇಳಲಾಗದು ಎಂಬ ಎಚ್ಚರಿಕೆಯೂ ಈ ಪಾಳೆಯಕ್ಕೆ ಬೇಕು. ಅಮೆರಿಕದ ಮಿನೆಸೋಟದಲ್ಲಿ 1968ರಿಂದ 1973ರವರೆಗೆ ಆಸ್ಪತ್ರೆಗಳಲ್ಲಿದ್ದ ಒಂಬತ್ತು ಸಾವಿರಕ್ಕೂ ಹೆಚ್ಚು ಜನರ ಮೇಲೆ ಮೆಕ್ಕೆಜೋಳದ ಎಣ್ಣೆಯ ಪ್ರಯೋಗ ನಡೆಯಿತು. ಅದರ ಬಹುಪಾಲು ಅಂಕಿಅಂಶ ಸಂಶೋಧಕರ ಮನೆಯ ನೆಲಮಾಳಿಗೆಯಲ್ಲಿ ಉಳಿದು, 2016ರಲ್ಲಿ ರಾಮ್ಸ್‌ಡೆನ್ ಎಂಬ ಸಂಶೋಧಕರ ತಂಡದಿಂದ ಬೆಳಕಿಗೆ ಬಂತು. ಕೊಲೆಸ್ಟೆರಾಲ್ ಇಳಿದಿತ್ತು, ಸಾವು ಇಳಿದಿರಲಿಲ್ಲ. ಪ್ರಯೋಗದಲ್ಲಿ ಲೋಪಗಳಿದ್ದವು, ಬಹಳ ಮಂದಿ ವರ್ಷದೊಳಗೇ ಆಸ್ಪತ್ರೆ ಬಿಟ್ಟು ಹೋಗಿದ್ದರು; ಆದರೂ ತಮಗೆ ಒಗ್ಗದ ಫಲಿತಾಂಶವನ್ನು ಅಷ್ಟು ವರ್ಷ ಮಡಚಿಟ್ಟವರು ತೆಂಗಿನ ವಕೀಲರ ಸಂಶಯಕ್ಕೆ ತಾವೇ ಎಣ್ಣೆ ಹೊಯ್ದರು. ಬೇರೆ ಪ್ರಯೋಗಗಳನ್ನೂ ಸೇರಿಸಿ ತೂಗಿದ ಅಮೆರಿಕನ್ ಹಾರ್ಟ್ ಅಸೋಸಿಯೇಷನ್, ಸ್ಯಾಚುರೇಟೆಡ್ ಕೊಬ್ಬಿನ ಜಾಗಕ್ಕೆ ಸೂರ್ಯಕಾಂತಿ, ಸೋಯಾದಂಥ ಎಣ್ಣೆ ಬಂದರೆ ಹೃದ್ರೋಗ ತಗ್ಗುತ್ತದೆ ಎಂದೇ 2017ರಲ್ಲಿ ಹೇಳಿತು. ಆ ಜಾಗಕ್ಕೆ ಮೈದಾ, ಸಕ್ಕರೆ ಬಂದರೆ ಲಾಭವಿಲ್ಲ ಎಂಬುದನ್ನೂ ಅದೇ ವರದಿ ಹೇಳುತ್ತದೆ. ತೆಂಗಿನೆಣ್ಣೆ ಬಿಟ್ಟು ಬ್ರೆಡ್ಡು–ಜಾಮಿಗೆ ಹೋದವರು ಕೊಬ್ಬು ಬಿಟ್ಟೆವೆಂದು ಬೀಗುವುದು ವ್ಯರ್ಥ.

ಗಾಣದ ಎಣ್ಣೆಯ ಹೊಸ ವ್ಯಾಮೋಹದ ಬಗ್ಗೆ ಎರಡೇ ಮಾತು. ಮೈಸೂರು, ಬೆಂಗಳೂರಿನ ಬಡಾವಣೆಗಳಲ್ಲಿ ಮರದ ಗಾಣ ತಿರುಗುತ್ತಿರುವುದು ಕಣ್ಣಿಗೂ ಮೂಗಿಗೂ ಹಬ್ಬ, ಎಳ್ಳೆಣ್ಣೆಯ ಘಮ ಮರಳಿ ಬಂದಿದೆ. ಆದರೆ ಗಾಣದಲ್ಲಿ ಹಿಂಡಿದರೂ ಮಿಲ್ಲಿನಲ್ಲಿ ಹಿಂಡಿದರೂ ತೆಂಗಿನ ಸ್ಯಾಚುರೇಟೆಡ್ ಕೊಬ್ಬಿನ ಲೆಕ್ಕ ಅಷ್ಟೇ.

ಹೆಗ್ಡೆಯವರ ಲೇಖನವಾಗಲಿ ಪ್ಯಾಕೆಟ್ಟಿನ ಜಾಹೀರಾತಾಗಲಿ ಕೇಳದ ಪ್ರಶ್ನೆ, ಎಣ್ಣೆ ಎಷ್ಟು ಮತ್ತು ಎಷ್ಟನೆಯ ಸಲ ಕಾದದ್ದು ಎಂಬುದು. ನಾಲ್ಕು ಜನರ ಮನೆಯಲ್ಲಿ ತಿಂಗಳಿಗೆ ನಾಲ್ಕು ಲೀಟರ್ ಖಾಲಿಯಾದರೆ ಒಬ್ಬೊಬ್ಬರಿಗೆ ದಿನಕ್ಕೆ 30 ಗ್ರಾಂ, ಸುಮಾರು 270 ಕ್ಯಾಲರಿ, ಅದೂ ಮನೆಯದ್ದು ಮಾತ್ರ. ಒಗ್ಗರಣೆಗೆ ಬೀಳುವ ಒಂದು ಚಮಚ ತೆಂಗಿನೆಣ್ಣೆಗೆ ಹೆದರುವುದು ನಗೆಪಾಟಲು. ಕರಿಯುವ ಬಾಣಲೆಯ ಮಾತು ಬೇರೆ, ಅಲ್ಲಿ ಜಾತಕ ತಿರುವುಮುರುವಾಗುತ್ತದೆ: ಸೂರ್ಯಕಾಂತಿಯ ಲಿನೋಲಿಯಿಕ್ ಆಮ್ಲ ಮತ್ತೆಮತ್ತೆ ಕಾದಾಗ ಬೇಗ ಕೆಡುತ್ತದೆ, ತೆಂಗಿನೆಣ್ಣೆ ಹೆಚ್ಚು ಹೊತ್ತು ತಾಳುತ್ತದೆ. ಎಣ್ಣೆ ಕಾದು ಕೆಟ್ಟಂತೆ ಹೆಚ್ಚುವ ಪೋಲಾರ್ ಸಂಯುಕ್ತಗಳು ಶೇ 25 ಮೀರಬಾರದು ಎಂಬ ನಿಯಮ 2018ರ ಜುಲೈಯಿಂದ ಇದೆ. ಅದನ್ನು ಅಳೆಯುವ ಸಾಧನ ಹಿಡಿದು ಕಾಡಿನ ದಾರಿಯ ಬಾಣಲೆಗಳ ಮುಂದೆ ಯಾರು ನಿಲ್ಲುತ್ತಾರೆ?

ಈ ಚರ್ಚೆಯೆಲ್ಲ ಕಾರಿನಲ್ಲಿ ಕೂತು ಬರುವವರದ್ದು ಎಂಬುದನ್ನೂ ಹೇಳಬೇಕು. ಬೇಗೂರಿನ ಕಾಡಂಚಿನ ಹಾಡಿಗಳಲ್ಲಿ ಕಾಟ್ಟುನಾಯ್ಕರು, ಬೆಟ್ಟಕುರುಬರು ಇದ್ದಾರೆ. ಗೆಣಸು ಸುಟ್ಟು, ಬೇಯಿಸಿ, ಜೇನು ಕಿತ್ತು ಬದುಕಿದವರ ಅಡುಗೆಯಲ್ಲಿ ಬಾಟಲಿಯ ಎಣ್ಣೆಗೆ ಅಂಥ ಜಾಗವಿರಲಿಲ್ಲ. ಅದು ಅಂಗಡಿಯ ದಾರಿ ಹಿಡಿದು ಬಂದದ್ದು. ಕೂಲಿ ಮಾಡಿ ದಣಿದ ಮೈಗೆ ಒಂದು ಚಮಚ ಎಣ್ಣೆ ಅಗ್ಗದ ಶಕ್ತಿ. ಅಂಥವರಿಗೆ ಎಲ್‌ಡಿಎಲ್ ಪಾಠ ಒಪ್ಪಿಸುವುದು ಅಧಿಕಪ್ರಸಂಗ.

ಅಂಗಡಿಯಲ್ಲಿ ಯಾವ ಎಣ್ಣೆ ಸಿಗಬೇಕು ಎಂಬುದನ್ನು ಕೊನೆಗೂ ತೀರ್ಮಾನಿಸುವುದು ಬೆಲೆಯೇ. ಕೇರಳದಲ್ಲಿ ಕಲಬೆರಕೆಯ ದೂರಿನ ಮೇಲೆ 2018ರಲ್ಲಿ ಆಹಾರ ಸುರಕ್ಷತಾ ಇಲಾಖೆ ಹತ್ತಾರು ಬ್ರಾಂಡಿನ ತೆಂಗಿನೆಣ್ಣೆಗಳನ್ನು ನಿಷೇಧಿಸಿತು. 2025ರ ಮಧ್ಯದ ಹೊತ್ತಿಗೆ ತೆಂಗಿನೆಣ್ಣೆ ಲೀಟರಿಗೆ 400 ರೂಪಾಯಿ ದಾಟಿತು, ಕೇರಳ ಸರ್ಕಾರದ ಸಪ್ಲೈಕೋ ಅಂಗಡಿಗಳ ಸಬ್ಸಿಡಿ ದರದ ಎಣ್ಣೆಗೆ ಬೇಡಿಕೆ ಏರಿತು. ಆಗ ಪಾಮೋಲಿನ್ ತೆಂಗಿನೆಣ್ಣೆಯ ಅರ್ಧ ಬೆಲೆಗೂ ಕಡಿಮೆಗೆ ಸಿಗುತ್ತಿತ್ತು; ಹಾಗಿರುವಾಗ ಬಡ ಚಹಾದಂಗಡಿಯವನು ಬಾಣಲೆಗೆ ಏನು ಸುರಿಯುತ್ತಾನೆಂದು ಊಹಿಸಲು ಹೃದ್ರೋಗ ತಜ್ಞರು ಬೇಕಿಲ್ಲ. ಪಾಮೋಲಿನ್ನಿನ ಮುಕ್ಕಾಲು ಪಾಲಿಗೂ ಹೆಚ್ಚು ಪಾಮಿಟಿಕ್, ಒಲಿಯಿಕ್ ಆಮ್ಲಗಳು. ಲಾರಿಕ್ ಇಲ್ಲವೆಂದರೂ ಸರಿ. ಹೆಗ್ಡೆಯವರ ಹೆಸರು ಹೇಳಿ ಎರಡನೆಯ ಉಣ್ಣಿಯಪ್ಪಕ್ಕೆ ಕೈ ಚಾಚುವವರು, ಮೊದಲು ಬಾಣಲೆಯ ಹಿಂದಿರುವ ಡಬ್ಬಿಯನ್ನು ನೋಡಿಕೊಳ್ಳಲಿ.