ಮನೆಯೇ ರಂಗಸ್ಥಳವಾದಾಗ: ‘ತಮಾರಾ’ ನಾಟಕ ಮತ್ತು ರಸವಿಘ್ನ

ಪ್ರೇಕ್ಷಕನು ಒಂದೆಡೆ ಕುಳಿತು ಇಡೀ ನಾಟಕವನ್ನು ನೋಡುವನೆಂಬುದನ್ನು ನಾಟ್ಯಮೀಮಾಂಸೆ ಬಹುಮಟ್ಟಿಗೆ ಗೃಹೀತವಾಗಿಯೇ ಇಟ್ಟುಕೊಂಡಿದೆ. ಹಳೆಯ ಕಟ್ಟಡವೊಂದರ ಕೋಣೆಕೋಣೆಗಳಲ್ಲಿ ಏಕಕಾಲಕ್ಕೆ ಅಭಿನಯ ನಡೆದು, ಪ್ರೇಕ್ಷಕರು ಅದನ್ನು ಅರಸುತ್ತ ತಿರುಗಾಡುವ ನಾಟ್ಯಪ್ರಕಾರ ಈ ನಂಬಿಕೆಯನ್ನೇ ಅಲುಗಿಸುತ್ತದೆ. ಅದು ಬರಿಯ ಕುತೂಹಲದ ಆಟವೆ, ಇಲ್ಲ ರಸಾನುಭವಕ್ಕೆ ಎಡೆಗೊಡಬಲ್ಲ ಕಲೆಯೆ ಎಂಬುದನ್ನು ಒಂದು ನಿದರ್ಶನದ ಮೂಲಕ ಪರಿಶೀಲಿಸೋಣ.

ಕೆನಡದ ಜಾನ್ ಕ್ರಿಜಾಂಕ್‌ರ ‘ತಮಾರಾ’ 1981ರಲ್ಲಿ ಟೊರಾಂಟೊ ನಗರದ ಸ್ಟ್ರಾಚನ್ ಹೌಸ್ ಎಂಬ ಹಳೆಯ ಕಟ್ಟಡದಲ್ಲಿ, ರಿಚರ್ಡ್ ರೋಸ್‌ರ ನಿರ್ದೇಶನದಲ್ಲಿ ಪ್ರಯೋಗಗೊಂಡಿತು. 1984ರಿಂದ ಲಾಸ್ ಏಂಜಲಿಸ್‌ನಲ್ಲಿ ಸುಮಾರು ಒಂಬತ್ತು ವರ್ಷ ನಡೆಯಿತು. ಕಥೆ 1927ರದು, ಸ್ಥಳ, ಇಟಲಿಯ ಗಾರ್ಡಾ ಸರೋವರದ ತೀರದಲ್ಲಿ ಕವಿ ದನ್ನುಂಜಿಯೊ ವಾಸಿಸುತ್ತಿದ್ದ ವಿತ್ತೋರಿಯಾಲೆ. ಮುಸೊಲಿನಿಯ ಸರ್ಕಾರ ಆ ಕವಿಗೆ ಮರ್ಯಾದೆಯನ್ನೂ ಕೊಟ್ಟು ಕಾವಲನ್ನೂ ಇಟ್ಟಿತ್ತು. ಅಲ್ಲಿಗೆ ಚಿತ್ರಕಾರ್ತಿ ತಮಾರಾ ದ ಲೆಂಪಿಕಾ ಬರುತ್ತಾಳೆ. ಪ್ರೇಕ್ಷಕನಿಗೆ ಟಿಕೆಟ್ಟಿಗೆ ಬದಲು ರಹದಾರಿ ಪತ್ರ. ಅದಕ್ಕೆ ಮುದ್ರೆಯೊತ್ತುವವನು ಫ್ಯಾಸಿಸ್ಟ್ ಅಧಿಕಾರಿಯ ಪಾತ್ರಧಾರಿ. ಆಮೇಲೆ ಹತ್ತು ಪಾತ್ರಗಳಲ್ಲಿ ತನಗೆ ಬೇಕಾದವರ ಬೆನ್ನುಹತ್ತಬಹುದು. ಒಬ್ಬರ ಹಿಂದೆ ಹೋದರೆ ಉಳಿದವರ ಕಥೆ ಕೈತಪ್ಪುತ್ತದೆ.

ಅಭಿನವಗುಪ್ತನು ಎಣಿಸಿದ ಏಳು ರಸವಿಘ್ನಗಳಲ್ಲಿ ಎರಡು ಇಲ್ಲಿ ನೆನಪಾಗುತ್ತವೆ. ನೋಡುವುದನ್ನು ತನ್ನದೆಂದೋ ಪರರದೆಂದೋ ನಿಶ್ಚಿತ ದೇಶಕಾಲಗಳಿಗೆ ಕಟ್ಟಿಹಾಕುವುದು ಒಂದು. ಸ್ವಂತ ಸುಖದುಃಖಗಳಿಗೆ ವಶನಾಗುವುದು ಇನ್ನೊಂದು. ಕಾಲಡಿಯ ನೆಲ, ಕೈಗೆ ತಾಗುವ ಗೋಡೆ ಇವು ದೇಶವನ್ನು ಮರೆಯಗೊಡುವುವೆ? ‘ಪಕ್ಕದ ಕೋಣೆಯಲ್ಲಿ ಏನಾಯಿತೊ’ ಎಂಬ ತಳಮಳದಲ್ಲಿರುವವನಿಗೆ ಸಾಧಾರಣೀಕರಣ ಹೇಗಾದೀತು? ಈ ಆಕ್ಷೇಪ ಹಗುರವಾದುದಲ್ಲ.

ಆದರೂ ‘ತಮಾರಾ’ದಲ್ಲಿ ಆ ವಿಘ್ನವೇ ವಸ್ತುವಾಗಿದೆ ಎಂಬುದು ನಮ್ಮ ಅಭಿಪ್ರಾಯ. ಕಾವಲಿನ ರಾಜ್ಯದಲ್ಲಿ ಯಾರಿಗೂ ಪೂರ್ಣಸತ್ಯ ತಿಳಿಯದು. ಪ್ರತಿಯೊಬ್ಬನೂ ಇನ್ನೊಬ್ಬನನ್ನು ಹಿಂಬಾಲಿಸುವವನೇ. ಪ್ರೇಕ್ಷಕನು ಸ್ವತಂತ್ರನೆಂದು ತಿಳಿದು ನಡೆಯುತ್ತಾನೆ. ನಡೆಯುತ್ತ ನಡೆಯುತ್ತ ತಾನೂ ಒಬ್ಬ ಗೂಢಚಾರನಾಗಿದ್ದಾನೆ. ಅವನ ತಳಮಳ ಪಾತ್ರಗಳ ತಳಮಳವೇ ಆದುದರಿಂದ ಅದು ಕೇವಲ ಸ್ವಗತವಾಗಿ ಉಳಿಯುವುದಿಲ್ಲ. ವಿರಾಮದಲ್ಲಿ ಅಪರಿಚಿತರು ತಾವು ಕಂಡುದನ್ನು ಒಬ್ಬರಿಗೊಬ್ಬರು ಹೇಳಿಕೊಂಡು ಕಥೆಯನ್ನು ಕೂಡಿಸಬೇಕಾಗುತ್ತದೆ. ಅಚ್ಚಾದ ಪಠ್ಯವನ್ನು ಓದುವ ನಮಗೆ ಎಲ್ಲ ದೃಶ್ಯಗಳೂ ಸಿಗುತ್ತವೆ. ಆದರೆ ಈ ಕೊರತೆಯ ಅನುಭವ ಸಿಗುವುದಿಲ್ಲ.

ಇದೇ ಜಾಡಿನ ಮತ್ತೊಂದು ಪ್ರಯೋಗವನ್ನು ಹೋಲಿಸಿದರೆ ಭೇದ ಸ್ಪಷ್ಟವಾಗುತ್ತದೆ. ಪಂಚ್‌ಡ್ರಂಕ್ ತಂಡದ ‘ಸ್ಲೀಪ್ ನೋ ಮೋರ್’ ನ್ಯೂಯಾರ್ಕ್‌ನಲ್ಲಿ 2011ರಿಂದ 2025ರವರೆಗೆ ನಡೆಯಿತು. ‘ಮ್ಯಾಕ್‌ಬೆತ್’ ಆಧಾರಿತವಾದ ಈ ಪ್ರಯೋಗದಲ್ಲಿ ಪ್ರೇಕ್ಷಕನು ಮುಖವಾಡ ಧರಿಸಿ ಮೌನವಾಗಿ ಅಲೆಯುತ್ತಾನೆ. ಹಳೆಯ ಹೋಟೆಲೆಂದು ಹೇಳಿಕೊಂಡ ಆ ಕಟ್ಟಡ ನಿಜಕ್ಕೂ ಉಗ್ರಾಣಗಳ ಸಮೂಹ. ಅದರ ಚರಿತ್ರೆಯೂ ಕಲ್ಪಿತ. ಅಲ್ಲಿ ಘಟನಾವಳಿ ಒಂದೇ ಸಂಜೆ ಮತ್ತೆ ಮತ್ತೆ ಆವರ್ತಿಸುವುದರಿಂದ ತಪ್ಪಿದುದನ್ನು ಮರಳಿ ಹಿಡಿಯಬಹುದು. ಸೊಬಗಿಗೆ ಕೊರತೆಯಿಲ್ಲ, ಆಯ್ಕೆಗೆ ಮಾತ್ರ ಬೆಲೆ ತೆರಬೇಕಾದುದು ಕಡಿಮೆ.

ಆದುದರಿಂದ ಪ್ರೇಕ್ಷಕನನ್ನು ನಡೆಸುವುದಷ್ಟೇ ಗುಣವಲ್ಲ, ದೋಷವೂ ಅಲ್ಲ. ಆ ನಡಿಗೆ ನಾಟಕದ ಅರ್ಥಕ್ಕೆ ಅಂಗವಾಗಿದೆಯೇ ಎಂಬುದೇ ವಿಮರ್ಶೆಯ ಒರೆಗಲ್ಲು. ಅಂಗವಾದಲ್ಲಿ ವಿಘ್ನವೂ ವಿಭಾವವಾಗಬಲ್ಲದು. ಆಗದಿದ್ದಲ್ಲಿ ಕಟ್ಟಡ ಕಂಡೀತು, ನಾಟಕ ಕಾಣದು.